ಮಂದ್ರದ ನಾಲ್ಕು ತಂತಿ

ಪಾಠಶಾಲೆಯಲ್ಲಿ ಸಿದ್ಧಾಂತಕೌಮುದಿಯನ್ನು ಓದಿ, ಮೂವತ್ತು ವರ್ಷಕಾಲ ಮಕ್ಕಳಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿ, ಈಗ ವಿಶ್ರಾಂತಿವೇತನದಲ್ಲಿ ಕಾಲಕ್ಷೇಪ ಮಾಡುತ್ತಿರುವ ನನ್ನಂಥವನು ಬೇಸ್ ಗಿಟಾರ್ ಎಂಬ ವಿದೇಶೀಯ ವಾದ್ಯವನ್ನು ಕುರಿತು ಬರೆಯಹೊರಟುದನ್ನು ಕಂಡು ವಾಚಕರು ನಗಬಹುದು. ನಗಲಿ. ನಾನು ಆಡಿದ ಒಂದು ಮಾತಿಗೆ ಪ್ರಾಯಶ್ಚಿತ್ತವೆಂದು ಇದನ್ನು ಬರೆಯುತ್ತಿದ್ದೇನೆ.

ನನ್ನ ಮಗಳ ಮಗನು ಕಾಲೇಜಿನ ಓದಿಗಾಗಿ ನಮ್ಮ ಮನೆಯಲ್ಲಿಯೇ ಇರುವನು. ಕಳೆದ ವರ್ಷ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಅವನು ಗೆಳೆಯರೊಡನೆ ಬೇಸ್ ನುಡಿಸಿದನು. ನಾನೂ ಹೋಗಿ ಮುಂದಿನ ಸಾಲಿನಲ್ಲಿ ಕುಳಿತಿದ್ದೆನು. ಮನೆಗೆ ಬಂದಮೇಲೆ "ಹೇಗಿತ್ತು ತಾತ?" ಎಂದು ಕೇಳಿದನು. "ಹಾಡಿದವನ ಕಂಠ ಕೇಳಿಸಿತು, ಡ್ರಮ್ಮು ಕೇಳಿಸಿತು, ನಿನ್ನದೇನೂ ಕೇಳಿಸಲಿಲ್ಲವಲ್ಲಪ್ಪ. ಅಷ್ಟು ದುಡ್ಡು ಸುರಿದು ತಂದುದು ಇದಕ್ಕೇನೋ?" ಎಂದುಬಿಟ್ಟೆನು. ಹುಡುಗನು ಮಾತನಾಡಲಿಲ್ಲ. ಅಂದಿನಿಂದ ಆ ವಾದ್ಯವನ್ನು ನನ್ನೆದುರಿಗೆ ಚೀಲದಿಂದ ಹೊರಕ್ಕೆ ತೆಗೆದವನಲ್ಲ.

ರಾತ್ರಿ ನಾನು ಮಲಗಿದ ಮೇಲೆ ವಿದ್ಯುತ್ತಿನ ಸಂಬಂಧವಿಲ್ಲದೆಯೇ ನುಡಿಸುತ್ತಿದ್ದನು. ಈ ವಾದ್ಯಕ್ಕೆ ವೀಣೆಗಿರುವಂತೆ ಟೊಳ್ಳಾದ ಕೊಡವಿಲ್ಲ, ಗಟ್ಟಿಮರದ ಹಲಗೆಯಷ್ಟೆ. ಉಕ್ಕಿನ ತಂತಿಯು ಕಂಪಿಸಿದಾಗ ಕೆಳಗಿನ ಅಯಸ್ಕಾಂತವನ್ನು ಸುತ್ತಿರುವ ತಾಮ್ರದ ಸುರುಳಿಯಲ್ಲಿ ಕ್ಷೀಣವಾದ ವಿದ್ಯುತ್ಪ್ರವಾಹವು ಹುಟ್ಟಿ, ಯಂತ್ರದಲ್ಲಿ ವೃದ್ಧಿಹೊಂದಿ ನಾದವಾಗುವುದು. ಯಂತ್ರವಿಲ್ಲದಿದ್ದರೆ ಸೂರಿನಿಂದ ಮಳೆಹನಿ ತೊಟ್ಟಿಕ್ಕಿದಷ್ಟೇ ಸದ್ದು. ಆ ಸದ್ದನ್ನು ಕೇಳುತ್ತ ನಾನು ಎಷ್ಟೋ ರಾತ್ರಿ ಎಚ್ಚರವಾಗಿ ಬಿದ್ದುಕೊಂಡಿದ್ದೆನು. ಕೊನೆಗೆ ಒಂದು ದಿನ ನಾನೇ ಅವನ ಕೋಣೆಗೆ ಹೋಗಿ, "ಇದರ ವಿದ್ಯೆಯನ್ನು ನನಗಿಷ್ಟು ಹೇಳಿಕೊಡು" ಎಂದೆನು. ಅವನು ಹೇಳಿದುದನ್ನೂ ನಾನಾಗಿ ಓದಿ ತಿಳಿದುದನ್ನೂ ಸಂಗ್ರಹವಾಗಿ ಇಲ್ಲಿ ಹೇಳುವೆನು.

ಪಾಶ್ಚಾತ್ಯರ ಮೇಳಗಳಲ್ಲಿ ಮಂದ್ರಸ್ವರದ ಹೊಣೆಯನ್ನು ಬಹುಕಾಲ ಹೊತ್ತಿದ್ದುದು ಡಬಲ್ ಬೇಸ್ ಎಂಬ ಮಹಾಕಾಯದ ಪಿಟೀಲು. ಅದು ಆಳಿಗಿಂತ ಎತ್ತರ. ಊರಿಂದೂರಿಗೆ ಸಾಗಿಸುವುದೇ ಪ್ರಯಾಸ. ಕಹಳೆ ಡ್ರಮ್ಮುಗಳ ಅಬ್ಬರದಲ್ಲಿ ಅದರ ದನಿ ಮುಳುಗಿಹೋಗುತ್ತಿತ್ತು. ಅಮೆರಿಕದ ಸಿಯಾಟಲ್ ನಗರದ ಪಾಲ್ ಟಟ್‌ಮಾರ್ಕ್ ಎಂಬವರು ೧೯೩೦ರ ದಶಕದ ನಡುವಿನಲ್ಲಿಯೇ ಅದಕ್ಕೆ ಪ್ರತಿಯಾಗಿ ಅಡ್ಡ ಹಿಡಿದು ನುಡಿಸುವ ವಿದ್ಯುತ್ ವಾದ್ಯವೊಂದನ್ನು ನಿರ್ಮಿಸಿದರು. ಲೋಕವು ಅದನ್ನು ಲಕ್ಷಿಸಲಿಲ್ಲ. ೧೯೫೧ರಲ್ಲಿ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಊರಿನ ಲಿಯೋ ಫೆಂಡರ್ ಎಂಬವರು 'ಪ್ರೆಸಿಷನ್ ಬೇಸ್' ಎಂಬುದನ್ನು ಮಾರಾಟಕ್ಕೆ ತಂದರು. ಪ್ರೆಸಿಷನ್ ಎಂದರೆ ನಿಖರತೆ. ಡಬಲ್ ಬೇಸಿಗೆ ಮೆಟ್ಟುಗಳಿಲ್ಲ, ಸ್ವರಸ್ಥಾನವನ್ನು ಬೆರಳೇ ಹುಡುಕಿಕೊಳ್ಳಬೇಕು. ಇದಕ್ಕಾದರೋ ೩೪ ಅಂಗುಲದ ತಂತಿಯ ಕೆಳಗೆ ೨೦ ಮೆಟ್ಟುಗಳು. ಈ ಫೆಂಡರ್ ಮಹಾಶಯರು ರೇಡಿಯೋ ರಿಪೇರಿಯ ಅಂಗಡಿಯಿಟ್ಟಿದ್ದವರು. ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲವಂತೆ! ವ್ಯಾಕರಣವನ್ನು ಬರೆದವನು ಕಾವ್ಯವನ್ನೂ ಬರೆಯಲೇಬೇಕೆಂಬ ನಿಯಮವಿಲ್ಲವಷ್ಟೆ.

ಇನ್ನು ಶ್ರುತಿಯ ವಿಚಾರ. ನಾಲ್ಕು ತಂತಿಗಳಿಗೆ ಇ, ಎ, ಡಿ, ಜಿ ಎಂದು ಹೆಸರು. ಸೆಕೆಂಡಿಗೆ ಇವುಗಳ ಕಂಪನಸಂಖ್ಯೆ ಕ್ರಮವಾಗಿ ಸುಮಾರು ೪೧, ೫೫, ೭೩, ೯೮. ಭಾಗಿಸಿ ನೋಡಿದೆನು: ಪ್ರತಿಯೊಂದು ತಂತಿಯೂ ತನ್ನ ಕೆಳಗಿನದಕ್ಕೆ ಮೂರಕ್ಕೆ ನಾಲ್ಕರ ಪ್ರಮಾಣದಲ್ಲಿದೆ. ಇದು ನಮ್ಮ ಷಡ್ಜಕ್ಕೂ ಶುದ್ಧಮಧ್ಯಮಕ್ಕೂ ಇರುವ ಸಂಬಂಧವೇ! ಪಿಟೀಲಿನಲ್ಲಿ ಅವರು ಷಡ್ಜಪಂಚಮದ ಅಂತರವನ್ನಿಡುವರು. ಇಲ್ಲಿ ಏಕಿಲ್ಲವೆಂದರೆ, ತಂತಿ ನೀಳವಾದಷ್ಟೂ ಸ್ವರಸ್ಥಾನಗಳು ದೂರದೂರವಾಗುತ್ತವೆ. ಪಂಚಮದ ಅಂತರವಿಟ್ಟರೆ ಕೈಯು ಪದೇಪದೇ ಬಹುದೂರ ಜಾರಬೇಕಾಗುವುದು. ಶ್ರುತಿಮಾಡುವ ಉಪಾಯವೂ ಈ ಪ್ರಮಾಣದಿಂದಲೇ ಹುಟ್ಟಿದೆ. ಕೆಳಗಿನ ತಂತಿಯನ್ನು ಐದನೆಯ ಮೆಟ್ಟಿನ ಮೇಲೆ ಒತ್ತದೆ, ಬೆರಳನ್ನು ಸೋಕಿಸಿ ಮೀಟಿದರೆ ನಾಲ್ಮಡಿ ಕಂಪನದ ಸ್ವರ ಏಳುವುದು; ಮೇಲಿನ ತಂತಿಯನ್ನು ಏಳನೆಯ ಮೆಟ್ಟಿನಲ್ಲಿ ಹಾಗೆಯೇ ಮೀಟಿದರೆ ಮೂರುಮಡಿಯದು. ಎರಡೂ ಒಂದೇ ಸ್ವರವಾಗಿ, ನಡುವಣ ಅಲೆ ಅಡಗಿದರೆ ಶ್ರುತಿ ಸೇರಿತೆಂದರ್ಥ. ೧೯೭೫ರಲ್ಲಿ ಆಂಥೊನಿ ಜಾಕ್ಸನ್ ಎಂಬ ವಾದಕರು ಕೆಳಗೆ ಬಿ, ಮೇಲೆ ಸಿ ಎಂಬ ತಂತಿಗಳನ್ನು ಸೇರಿಸಿ ಆರು ತಂತಿಯ ವಾದ್ಯವನ್ನು ಮಾಡಿಸಿದರು. ಆ ಬಿ ತಂತಿಯ ಕಂಪನ ಸೆಕೆಂಡಿಗೆ ಸುಮಾರು ೩೧. ಅಲ್ಲಿಯೂ ಮಧ್ಯಮಸಂಬಂಧವೇ.

ಇಷ್ಟೆಲ್ಲ ಹೇಳಿದ ಮೇಲೆ ಹುಡುಗನು ವಾರ್ಷಿಕೋತ್ಸವದ ಹಾಡನ್ನೇ ಕೇಳಿಸಿದನು. ಗೆಳೆಯರು ಒಂದೊಂದು ವಾದ್ಯವನ್ನೂ ಬೇರೆ ಬೇರೆಯಾಗಿ ಮುದ್ರಿಸಿಕೊಂಡಿದ್ದರು. ನಡುವೆ ತನ್ನ ವಾದ್ಯವೊಂದನ್ನು ಮಾತ್ರ ನಿಲ್ಲಿಸಿದನು. ಹಾಡು ನಿಲ್ಲಲಿಲ್ಲ; ಒಂದಕ್ಷರವೂ ತಪ್ಪಲಿಲ್ಲ; ಆದರೆ ಮನೆಯೊಳಗಿನ ನೆಲವನ್ನು ಯಾರೋ ಎಳೆದುಕೊಂಡಂತಾಯಿತು. ಮಂದ್ರಕ್ಕೆ ಹೃದಯವೇ ಸ್ಥಾನವೆಂದು ನಮ್ಮ ಸಂಗೀತರತ್ನಾಕರವು ಹೇಳುವುದನ್ನು ನಾನು ಓದಿದವನು. ಆದರೂ ಅಂದು ಸಭೆಯಲ್ಲಿ ಅದನ್ನು ಕಿವಿಯಲ್ಲಿ ಹುಡುಕಿದೆನು!

ಅವನು ಜೇಮ್ಸ್ ಜೇಮರ್ಸನ್ ಎಂಬವರ ಕಥೆಯನ್ನು ಹೇಳಿದನು. ೧೯೬೦ರ ದಶಕದಲ್ಲಿ ಡೆಟ್ರಾಯಿಟ್ ನಗರದ ಮೋಟೌನ್ ಕಂಪೆನಿಯ ಎಷ್ಟೋ ಪ್ರಸಿದ್ಧ ಗೀತೆಗಳಿಗೆ ಬೇಸ್ ನುಡಿಸಿದವರು ಅವರೇ. ಅದೂ ಬಲಗೈಯ ತೋರುಬೆರಳೊಂದರಿಂದಲೇ ಮೀಟಿ. ಗಾಯಕರ ಹೆಸರು ಜಗತ್ತಿಗೆಲ್ಲ ತಿಳಿಯಿತು. ಮುದ್ರಿಕೆಗಳ ಮೇಲೆ ಇವರ ಹೆಸರೇ ಇರುತ್ತಿರಲಿಲ್ಲ. ೧೯೭೧ರಲ್ಲಿ ಮಾರ್ವಿನ್ ಗೇ ಅವರ ಒಂದು ಸಂಪುಟದ ಮೇಲೆ ಹೆಸರು ಅಚ್ಚಾಯಿತು. ೧೯೮೩ರಲ್ಲಿ ತೀರಿಕೊಂಡರು. ಕೇಳುತ್ತ ಕೇಳುತ್ತ ನನ್ನ ಮಾತು ನನಗೇ ಚುಚ್ಚಿತು. ತಿದ್ದಿ ತೀಡಿದ ಉಪಾಧ್ಯಾಯನ ದನಿ ಶಿಷ್ಯನ ಭಾಷಣದಲ್ಲಿ ಯಾರಿಗೆ ಕೇಳಿಸುವುದು? ನಾನೇ ಆ ಮಾತನ್ನಾಡಬಾರದಾಗಿತ್ತು.

ನಮ್ಮ ಮನೆಯಲ್ಲಿ ಒಂದು ವೀಣೆಯಿದೆ. ನನ್ನ ಪತ್ನಿಯದು. ಅವಳು ತೀರಿಕೊಂಡು ನಾಲ್ಕು ವರ್ಷವಾಯಿತು. ಅಲ್ಲಿಂದೀಚೆಗೆ ಅದರ ಗವುಸನ್ನು ಯಾರೂ ಬಿಚ್ಚಿರಲಿಲ್ಲ. ಅಂದು ನಾನೇ ಬಿಚ್ಚಿದೆನು. ತಂತಿಗಳಿಗೆ ಕಿಲುಬು ಹಿಡಿದಿತ್ತು. ಮರುದಿನ ಹೊಸ ತಂತಿ ತರಿಸಿ ಇಬ್ಬರೂ ಕುಳಿತು ಕಟ್ಟಿದೆವು. ನಾನು ಬಿರಡೆಯನ್ನು ತಿರುಗಿಸುತ್ತ ಅನುಮಂದ್ರ ಪಂಚಮವನ್ನೂ ಮಂದ್ರ ಷಡ್ಜವನ್ನೂ ಒಂದಾದಮೇಲೊಂದು ಮೀಟಿದೆನು. ಹುಡುಗನು ತಲೆಯೆತ್ತಿ, "ತಾತ, ಈ ಎರಡರ ಅಂತರ ನನ್ನ ತಂತಿಗಳದೇ ಅಲ್ಲವೆ?" ಎಂದನು. ಹೌದು, ಪಂಚಮದಿಂದ ಮೇಲಿನ ಷಡ್ಜಕ್ಕೆ ಅದೇ ಮೂರಕ್ಕೆ ನಾಲ್ಕು. ಅವನ ಅಜ್ಜಿಯು ಪ್ರತಿದಿನ ಸಂಜೆ ಮೊದಲು ಸೇರಿಸಿಕೊಳ್ಳುತ್ತಿದ್ದ ಅಂತರವದು. ಅದನ್ನು ಅವನಿಗೆ ಹೇಳಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಈಗ ಅವನು ಸಂಜೆಯ ಹೊತ್ತಿನಲ್ಲಿ ನಡುಮನೆಯಲ್ಲಿಯೇ ಕುಳಿತು ವಿದ್ಯುತ್ತಿನ ಸಂಬಂಧವನ್ನು ಕೊಟ್ಟುಕೊಂಡೇ ನುಡಿಸುವನು. ಮೊನ್ನೆ ನೆರೆಮನೆಯವರು ಬಂದು, "ನಮ್ಮ ಗೋಡೆ ನಡುಗುತ್ತದೆ, ಮೇಷ್ಟರೆ" ಎಂದು ಆಕ್ಷೇಪಿಸಿದರು. ಕ್ಷಮೆ ಕೇಳಿ ಕಾಫಿ ಕೊಟ್ಟು ಕಳುಹಿಸಿದೆನು. ಅವರಿಗಾದರೂ ಕೇಳಿಸಿತಲ್ಲ ಎಂದು ಒಳಗೊಳಗೇ ಸಂತೋಷವಾಯಿತು.