ಆರೇ ಆರು ಸಿನಿಮಾ, ಆರು ಭಾನುವಾರ

ಒಬ್ಬ ನಿರ್ದೇಶಕನ ಎಲ್ಲಾ ಸಿನಿಮಾಗಳನ್ನೂ ಮೊದಲಿನಿಂದ ಕೊನೆಯವರೆಗೆ ಸಾಲಾಗಿ ನೋಡಿಬಿಡಬೇಕು ಅನ್ನುವ ಹುಚ್ಚು ನನಗೆ ಆಗಾಗ ಹಿಡಿಯುತ್ತದೆ. ಹಿಡಿದಷ್ಟೇ ಬೇಗ ಬಿಟ್ಟೂ ಹೋಗುತ್ತದೆ, ಆ ಮಾತು ಬೇರೆ. ಹಿಚ್‌ಕಾಕ್ ಅಂತ ಕೂತರೆ ಐವತ್ತಕ್ಕೂ ಹೆಚ್ಚು ಸಿನಿಮಾ. ಅಷ್ಟು ಪುರುಸೊತ್ತು ಯಾರಿಗಿದೆ ಹೇಳಿ? ಆದರೆ ಜಾಕ್ ತಾತಿ ಅನ್ನುವ ಫ್ರೆಂಚ್ ಮಹಾನುಭಾವ ನಮ್ಮಂಥವರಿಗೆ ಬಹಳ ಅನುಕೂಲ ಮಾಡಿಕೊಟ್ಟಿದ್ದಾನೆ. 1949ರಿಂದ 1974ರವರೆಗೆ, ಇಪ್ಪತ್ತೈದು ವರ್ಷದಲ್ಲಿ ಆತ ಮಾಡಿದ ದೊಡ್ಡ ಸಿನಿಮಾಗಳು ಬರೀ ಆರು. ಹೋದ ಮಳೆಗಾಲದಲ್ಲಿ ಭಾನುವಾರಕ್ಕೊಂದರಂತೆ ಆರನ್ನೂ ನೋಡಿ ಮುಗಿಸಿದೆ.

ತಾತಿ ಯಾರು ಅಂತ ಗೊತ್ತಿಲ್ಲದವರಿಗೆ ಒಂದು ಸುಲಭದ ದಾರಿ: ಮಿಸ್ಟರ್ ಬೀನ್ ಗೊತ್ತಲ್ಲ? ಆ ರೋವನ್ ಅಟ್ಕಿನ್ಸನ್ ತನ್ನ ಮೇಲೆ ಪ್ರಭಾವ ಬೀರಿದವರಲ್ಲಿ ತಾತಿಯ ಪಾತ್ರವೂ ಒಂದು ಅಂತ ಹೇಳಿಕೊಂಡಿದ್ದಾನೆ. ಆ ಪಾತ್ರದ ಹೆಸರು ಮಸ್ಯೂ ಉಲೋ. ಆರಡಿ ಮೀರಿದ ಉದ್ದನೆಯ ಮನುಷ್ಯ, ಬಾಯಲ್ಲಿ ಪೈಪು, ತಲೆಗೆ ಹ್ಯಾಟು, ಗಿಡ್ಡ ಪ್ಯಾಂಟು, ಅದರ ಕೆಳಗೆ ಕಾಣುವ ಪಟ್ಟೆಪಟ್ಟೆ ಕಾಲುಚೀಲ. ನಡೆದರೆ ಇನ್ನೇನು ಮುಂದಕ್ಕೆ ಮುಗ್ಗರಿಸುತ್ತಾನೆ ಅನ್ನುವ ಹಾಗೆ ಬಾಗಿ ನಡೆಯುತ್ತಾನೆ. ಬೀನ್ ಸ್ವಲ್ಪ ಕಿಲಾಡಿ, ಸ್ವಲ್ಪ ಸ್ವಾರ್ಥಿ. ಉಲೋ ಹಾಗಲ್ಲ, ಪಾಪದವನು. ಯಾರಿಗೂ ತೊಂದರೆ ಕೊಡಬಾರದು ಅಂತ ಮೈಯೆಲ್ಲ ಹಿಡಿ ಮಾಡಿಕೊಂಡು ಓಡಾಡುತ್ತಾನೆ. ಅದರಿಂದಲೇ ಎಲ್ಲ ತೊಂದರೆ ಶುರು :)

ತಾತಿಯ ಮೊದಲ ಸಿನಿಮಾದಲ್ಲಿ ಉಲೋ ಇನ್ನೂ ಹುಟ್ಟಿರಲಿಲ್ಲ. 1949ರ 'ಜೂರ್ ದ ಫೆತ್', ಅಂದರೆ ಹಬ್ಬದ ದಿನ. ಫ್ರಾನ್ಸಿನ ಸಾಂತ್ ಸೆವೆರ್ ಅನ್ನುವ ಸಣ್ಣ ಊರಿಗೆ ಜಾತ್ರೆ ಬರುತ್ತದೆ. ಆ ಊರಿನ ಪೋಸ್ಟ್‌ಮ್ಯಾನ್ ಫ್ರಾಂಸುವಾ ಜಾತ್ರೆಯ ಟೆಂಟಿನಲ್ಲಿ ಅಮೆರಿಕದ ಅಂಚೆ ವ್ಯವಸ್ಥೆ ಬಗ್ಗೆ ಒಂದು ಚಿತ್ರ ನೋಡುತ್ತಾನೆ. ಅಲ್ಲಿ ಹೆಲಿಕಾಪ್ಟರಿನಲ್ಲೆಲ್ಲ ಟಪಾಲು ಹೋಗುತ್ತದೆ! ಇವನಿಗೂ ಅಮೆರಿಕದ ಸ್ಪೀಡು ಬೇಕು ಅನ್ನಿಸುತ್ತದೆ. ಇರುವುದು ಒಂದು ಹಳೇ ಸೈಕಲ್ಲು. ಆಮೇಲೆ ನೋಡಬೇಕು ಆ ಓಟ. ಓಡುತ್ತಿರುವ ಲಾರಿಯ ಹಿಂದಿನ ಹಲಗೆಯನ್ನೇ ಮೇಜು ಮಾಡಿಕೊಂಡು, ಸೈಕಲ್ ಮೇಲೆ ಕೂತೇ ಕಾಗದಗಳಿಗೆ ಠಸ್ಸೆ ಹೊಡೆಯುತ್ತಾನೆ. ಕಡೆಗೆ ಸೈಕಲ್ ಸಮೇತ ನದಿಗೆ.

ಈ ಸಿನಿಮಾದ ಹಿಂದೆ ಒಂದು ಕಥೆಯಿದೆ. ತಾತಿ ಇದನ್ನು ಬಣ್ಣದಲ್ಲಿ ತೆಗೆಯಲು ಹೊರಟಿದ್ದ. ಥಾಮ್ಸನ್‌ಕಲರ್ ಅನ್ನುವ ಹೊಸ ವಿಧಾನ ಅದು. ಯಾಕಾದರೂ ಇರಲಿ ಅಂತ ಪಕ್ಕದಲ್ಲಿ ಒಂದು ಕಪ್ಪುಬಿಳುಪು ಕ್ಯಾಮೆರಾವನ್ನೂ ಇಟ್ಟುಕೊಂಡಿದ್ದ. ಇಟ್ಟುಕೊಂಡದ್ದೇ ಒಳ್ಳೆಯದಾಯಿತು. ಬಣ್ಣದ ರೀಲಿನಿಂದ ಪ್ರಿಂಟು ಹಾಕಲು ಆಗಲೇ ಇಲ್ಲ, ಸಿನಿಮಾ ಕಪ್ಪುಬಿಳುಪಿನಲ್ಲೇ ಬಂತು. ಕಡೆಗೆ ಆತನ ಮಗಳು ಸೋಫಿ ಆ ಬಣ್ಣದ ಆವೃತ್ತಿಯನ್ನು ಸರಿಪಡಿಸಿ 1995ರಲ್ಲಿ ಹೊರತಂದಳು. ಅಷ್ಟರಲ್ಲಿ ತಾತಿ ತೀರಿಕೊಂಡು ಹದಿಮೂರು ವರ್ಷ ಆಗಿತ್ತು.

ಮೊದಲ ಸಿನಿಮಾವನ್ನು ಒಬ್ಬನೇ ನೋಡಿದೆ. ಎರಡನೆಯದಕ್ಕೆ ಅಪ್ಪ ಬಂದು ಕೂತರು.

ಅಪ್ಪನ ಬಗ್ಗೆ ಇಲ್ಲಿ ಒಂದೆರಡು ಮಾತು ಹೇಳಲೇಬೇಕು. ನಾಲ್ಕೈದು ವರ್ಷದಿಂದ ಅವರಿಗೆ ಕಿವಿ ಮಂದವಾಗಿದೆ. ಕಿವಿ ಮಷಿನ್ನು ತಂದುಕೊಟ್ಟಿದ್ದೇವೆ. ಅದು ಹಾಕಿಕೊಂಡರೆ ಫ್ಯಾನಿನ ಸದ್ದೇ ರೈಲು ಹೋದ ಹಾಗೆ ಕೇಳುತ್ತದಂತೆ, ಹಾಗಾಗಿ ಅದರ ಜಾಗ ಹೆಚ್ಚಾಗಿ ಮೇಜಿನ ಡ್ರಾಯರು. ಮನೆಯಲ್ಲಿ ಎಲ್ಲರೂ ಕೂತು ಟಿವಿಯಲ್ಲಿ ಏನಾದರೂ ಕಾಮಿಡಿ ನೋಡುವಾಗ ಅಪ್ಪನೂ ನಗುತ್ತಾರೆ. ಆದರೆ ನಮಗಿಂತ ಒಂದು ಗಳಿಗೆ ತಡವಾಗಿ. ಅವರು ಟಿವಿ ನೋಡಿ ನಗುತ್ತಿರಲಿಲ್ಲ, ನಮ್ಮ ಮುಖ ನೋಡಿ ನಗುತ್ತಿದ್ದರು. ಇದು ನಮಗೆಲ್ಲ ಗೊತ್ತಿತ್ತು. ಗೊತ್ತು ಅಂತ ಯಾರೂ ಹೇಳುತ್ತಿರಲಿಲ್ಲ.

ಎರಡನೇ ಸಿನಿಮಾ 1953ರ 'ಮಸ್ಯೂ ಉಲೋನ ರಜೆ'. ಕಡಲತೀರದ ಒಂದು ಹೋಟೆಲಿಗೆ ಜನ ರಜೆ ಕಳೆಯಲು ಬರುತ್ತಾರೆ, ಉಲೋನೂ ಬರುತ್ತಾನೆ, ರಜೆ ಮುಗಿಯುತ್ತದೆ, ಎಲ್ಲರೂ ಹೋಗುತ್ತಾರೆ. ಕಥೆ ಇಷ್ಟೇ! ಮಾತು ಇದೆ, ಆದರೆ ಗಾಳಿಯಲ್ಲಿ ತೇಲಿಬರುವ ಗುಜುಗುಜು ಥರ. ಶುರುವಿನಲ್ಲೇ ರೈಲ್ವೆ ಸ್ಟೇಷನ್ನಿನ ಸ್ಪೀಕರು ಏನೋ ಒದರುತ್ತದೆ, ಒಂದಕ್ಷರ ಅರ್ಥವಾಗುವುದಿಲ್ಲ, ಜನ ಗಂಟುಮೂಟೆ ಹಿಡಿದು ಒಂದು ಪ್ಲಾಟ್‌ಫಾರಂನಿಂದ ಇನ್ನೊಂದಕ್ಕೆ ಓಡುತ್ತಾರೆ. ಅಪ್ಪ "ಏನಂತೆ?" ಅಂದರು. "ನಂಗೂ ಗೊತ್ತಾಗ್ಲಿಲ್ಲ ಅಪ್ಪ, ಅವ್ರಿಗೂ ಗೊತ್ತಾಗಿಲ್ಲ" ಅಂದೆ. ಅದಕ್ಕೇ ಅವರು ನಕ್ಕುಬಿಟ್ಟರು.

ಆಮೇಲೆ ಅರ್ಧ ಗಂಟೆಗೆ ಅಪ್ಪ ನನಗಿಂತ ಮೊದಲು ನಕ್ಕರು. ಪರದೆಯ ನಡುವೆ ನಗುವಂಥದ್ದು ಏನೂ ಇರಲಿಲ್ಲ. "ಅಲ್ನೋಡೋ, ಆ ಮುದುಕನ್ನ ನೋಡು" ಅಂತ ಮೂಲೆ ತೋರಿಸಿದರು. ಹೋಟೆಲಿನಲ್ಲಿ ಒಂದು ವಯಸ್ಸಾದ ಜೋಡಿ ಇದೆ. ಹೆಂಡತಿ ಮುಂದೆ, ಗಂಡ ನಾಲ್ಕು ಹೆಜ್ಜೆ ಹಿಂದೆ, ದಿನವಿಡೀ ವಾಕಿಂಗು. ಆಕೆ ಚಿಪ್ಪು ಆರಿಸಿ ಹಿಂದೆ ಕೊಡುತ್ತಾಳೆ, ಈತ ಇಸಕೊಂಡು ಆಕೆಗೆ ಕಾಣದ ಹಾಗೆ ಎಸೆಯುತ್ತಾನೆ. ನಾನು ಉಲೋನನ್ನೇ ನೋಡುತ್ತಾ ಕೂತಿದ್ದೆ, ಅದು ನನಗೆ ಕಂಡಿರಲೇ ಇಲ್ಲ. ಅಮ್ಮ ಅಡುಗೆಮನೆಯಿಂದ ಬಂದು "ಏನು ನಗ್ತಿದೀರಿ ಇಬ್ರೂ?" ಅಂದಳು. ಅಪ್ಪ ಆಕೆಗೂ ತೋರಿಸಿದರು. ಆ ಮುದುಕ ಯಾಕೆ ಅಷ್ಟು ನಗು ತರಿಸಿದ ಅನ್ನುವುದನ್ನು ಮಾತ್ರ ಹೇಳಲಿಲ್ಲ.

ತಾತಿಯ ಗುಟ್ಟು ನನಗೆ ಸಿಕ್ಕಿದ್ದು ಅಲ್ಲೇ ಅಂತ ಕಾಣುತ್ತದೆ. ಬೇರೆ ನಿರ್ದೇಶಕರು ಎಲ್ಲಿ ನಗಬೇಕೋ ಅಲ್ಲಿಗೆ ಕ್ಯಾಮೆರಾ ಹಿಡಿದು "ಇಲ್ಲಿ ನೋಡಿ" ಅನ್ನುತ್ತಾರೆ. ಈತ ದೂರದಲ್ಲಿ ಕ್ಯಾಮೆರಾ ನಿಲ್ಲಿಸಿ ಸುಮ್ಮನಾಗಿಬಿಡುತ್ತಾನೆ. ಎಲ್ಲಿ ನೋಡಬೇಕು ಅನ್ನುವುದು ನಮಗೆ ಬಿಟ್ಟದ್ದು. ಯಾರ ಕಣ್ಣಿಗೆ ಮೊದಲು ಬೀಳುತ್ತದೋ ಅವರು ಪಕ್ಕದವರಿಗೆ ತೋರಿಸಬೇಕು.

ಹಾಗಂತ ತಾತಿಯದು ಮೂಕಿ ಚಿತ್ರ ಅಂದುಕೊಳ್ಳಬೇಡಿ. ನಮ್ಮ 'ಪುಷ್ಪಕ ವಿಮಾನ'ದಲ್ಲಿ (1987) ಮಾತಿಲ್ಲದಿದ್ದರೂ ಊರಿನ ಸದ್ದೆಲ್ಲ ಇದೆಯಲ್ಲ, ಇಲ್ಲಿ ಅದಕ್ಕಿಂತ ಒಂದು ಕೈ ಮೇಲೆ. ತಾತಿ ಚಿತ್ರೀಕರಣ ಮುಗಿದ ಮೇಲೆ ಒಂದೊಂದೇ ಶಬ್ದವನ್ನು ಆರಿಸಿ ಕೂರಿಸುತ್ತಿದ್ದ. ಹೋಟೆಲಿನ ಊಟದ ಕೋಣೆಗೆ ಒಂದು ಬಾಗಿಲಿದೆ, ತಳ್ಳಿದಾಗಲೆಲ್ಲ ದಪ್ಪ ತಂತಿ ಮೀಟಿದ ಹಾಗೆ ಸದ್ದು ಮಾಡುತ್ತದೆ. ಅದು ಅಪ್ಪನಿಗೆ ಕೇಳಲಿಲ್ಲ. ಪ್ರತಿ ಸಲ ಬಾಗಿಲು ಅಲ್ಲಾಡಿದಾಗ ನಾನು ಅವರ ಕಿವಿಯ ಹತ್ತಿರ "ಡುಂಯ್‌ಕ್" ಅಂದೆ. ಐದು ವಾರವೂ ಇದೇ ಒಪ್ಪಂದ ನಡೆಯಿತು. ಶಬ್ದ ನನ್ನದು, ಮೂಲೆಗಳು ಅಪ್ಪನದು. ಲೆಕ್ಕ ಸರಿಹೋಯಿತು.

ಮೂರನೆಯದು 1958ರ 'ಮೊನ್ ಓಂಕ್ಲ್'. ಇಂಗ್ಲಿಷಿನವರು ಮೈ ಅಂಕಲ್ ಅಂದರು, ಯಾವ ಅಂಕಲ್ಲು ಅಂತ ಅದರಲ್ಲಿ ತಿಳಿಯುವುದಿಲ್ಲ. ಕನ್ನಡದಲ್ಲಿ ತೊಂದರೆಯೇ ಇಲ್ಲ: ಸೋದರಮಾವ! ಹುಡುಗನ ಅಪ್ಪ ಅಮ್ಮ ಇರುವುದು ಗುಂಡಿ ಒತ್ತಿದರೆ ಎಲ್ಲ ನಡೆಯುವ ಹೊಸ ನಮೂನೆಯ ಬಂಗಲೆಯಲ್ಲಿ. ಅಮ್ಮನ ತಮ್ಮ ಉಲೋ ಇರುವುದು ಹಳೇ ವಠಾರದ ತುದಿಯ ಕೋಣೆಯಲ್ಲಿ. ಬಂಗಲೆಯ ಅಂಗಳದಲ್ಲಿ ಒಂದು ಲೋಹದ ಮೀನು, ಅದರ ಬಾಯಿಂದ ನೀರಿನ ಕಾರಂಜಿ. ಗೇಟಿನ ಬೆಲ್ಲು ಆದರೆ ಯಜಮಾನಿ ಓಡಿಬಂದು ಕಾರಂಜಿಯ ಸ್ವಿಚ್ಚು ಹಾಕುತ್ತಾಳೆ. ಬಂದವರು ತಮ್ಮನೋ ಗಂಡನೋ ಆಗಿದ್ದರೆ ತಕ್ಷಣ ಆರಿಸುತ್ತಾಳೆ. ಅಪ್ಪ ಅಮ್ಮನ ಕಡೆ ತಿರುಗಿ "ನಿನ್ನ ಶೋಕೇಸಿನ ಕಪ್ಪು ಬಸಿ" ಅಂದರು. ನಮ್ಮ ಮನೆಯಲ್ಲೂ ನೆಂಟರ ದರ್ಜೆ ನೋಡಿಯೇ ಅವು ಹೊರಗೆ ಬರುವುದು :)

ಇದೇ ಸಿನಿಮಾದಲ್ಲಿ ನನಗೆ ತೀರಾ ಇಷ್ಟವಾದದ್ದು ಒಂದು ಕ್ಯಾನರಿ ಹಕ್ಕಿ. ಉಲೋ ತನ್ನ ಕಿಟಕಿ ತೆರೆದಾಗ ಗಾಜಿಗೆ ಬಿದ್ದ ಬಿಸಿಲು ಎದುರಿನ ಪಂಜರಕ್ಕೆ ಹೋಗುತ್ತದೆ, ಹಕ್ಕಿ ಹಾಡುತ್ತದೆ. ಕಿಟಕಿ ಸರಿಸಿದರೆ ನಿಲ್ಲಿಸುತ್ತದೆ. ಹಾಡುವ ಹಾಗೆ ಕಿಟಕಿಯನ್ನು ಹೊಂದಿಸಿಟ್ಟು ಆತ ಹೊರಟುಹೋಗುತ್ತಾನೆ. ಅಷ್ಟೇ. ಈ ಚಿತ್ರಕ್ಕೆ ಅತ್ಯುತ್ತಮ ವಿದೇಶಿ ಭಾಷಾ ಚಿತ್ರ ಅಂತ ಆಸ್ಕರ್ ಬಂತು, ತಾತಿಗೆ ದೊಡ್ಡ ಹೆಸರು ಬಂತು.

ಬೇರೆ ಯಾರಾದರೂ ಆಗಿದ್ದರೆ ಉಲೋನನ್ನೇ ಹಿಡಿದು ಇನ್ನೂ ಹತ್ತು ಸಿನಿಮಾ ಮಾಡುತ್ತಿದ್ದರು. ತಾತಿ ಒಂಬತ್ತು ವರ್ಷ ತಗೊಂಡು, ಉಲೋನನ್ನು ಗುಂಪಿನಲ್ಲಿ ಒಬ್ಬನನ್ನಾಗಿ ಮಾಡಿ, 1967ರಲ್ಲಿ 'ಪ್ಲೇಟೈಮ್' ತಂದ. ಅದಕ್ಕಾಗಿ ಪ್ಯಾರಿಸ್ಸಿನ ಅಂಚಿನಲ್ಲಿ ಒಂದು ನಗರವನ್ನೇ ಕಟ್ಟಿಸಿದ. ಗಾಜಿನ ಕಟ್ಟಡಗಳು, ರಸ್ತೆಗಳು, ಕರೆಂಟಿಗೆ ಅದರದ್ದೇ ವ್ಯವಸ್ಥೆ. ಜನ ಅದಕ್ಕೆ ತಾತಿವಿಲ್ ಅಂತ ಹೆಸರಿಟ್ಟರು. ಮಾಮೂಲಿ ಫಿಲ್ಮಿನ ಎರಡರಷ್ಟು ಅಗಲದ 70 ಎಂಎಂ ಫಿಲ್ಮಿನಲ್ಲಿ ತೆಗೆದ. ಯಾಕೆ ಅಂದರೆ ಪರದೆಯ ಎಲ್ಲ ಮೂಲೆಯಲ್ಲೂ ಏನಾದರೊಂದು ನಡೆಯುತ್ತಿರಬೇಕು, ಎಲ್ಲವೂ ಸ್ಪಷ್ಟವಾಗಿ ಕಾಣಬೇಕು. ಪ್ರವಾಸಕ್ಕೆ ಬಂದ ಅಮೆರಿಕದ ಹೆಂಗಸರಿಗೆ ಐಫೆಲ್ ಗೋಪುರ ಕಾಣುವುದು ಗಾಜಿನ ಬಾಗಿಲಿನ ಪ್ರತಿಬಿಂಬದಲ್ಲಿ ಮಾತ್ರ, ಅದೂ ಒಂದು ಕ್ಷಣ.

ಕೊನೆಯ ಭಾಗದಲ್ಲಿ ಒಂದು ರೆಸ್ಟುರಾ ಉದ್ಘಾಟನೆ. ಇನ್ನೂ ಬಣ್ಣ ಆರಿಲ್ಲ, ಟೈಲು ಅಂಟಿಲ್ಲ, ಜನ ನುಗ್ಗುತ್ತಿದ್ದಾರೆ. ಮುಂಬಾಗಿಲ ಗಾಜು ಪುಡಿಯಾಗುತ್ತದೆ. ಕಾವಲುಗಾರ ಉಳಿದ ಹಿಡಿಯನ್ನೇ ಗಾಳಿಯಲ್ಲಿ ಹಿಡಿದು ಇಲ್ಲದ ಬಾಗಿಲನ್ನು ಗತ್ತಿನಿಂದ ತೆಗೆಯುತ್ತಾ, ಹಾಕುತ್ತಾ ನಿಲ್ಲುತ್ತಾನೆ. ಅಪ್ಪ ಕುರ್ಚಿಯನ್ನು ಟಿವಿಗೆ ಮೂರಡಿ ಹತ್ತಿರ ಎಳೆದುಕೊಂಡು ಕೂತಿದ್ದರು. "ನಿಲ್ಸು ನಿಲ್ಸು, ಹಿಂದೆ ಹಾಕು" ಅಂತ ಮೂರು ಸಲ ನಿಲ್ಲಿಸಿದರು. ಅಲ್ಲಿನ ಕುರ್ಚಿಗಳ ಬೆನ್ನಿಗೆ ಕಿರೀಟದ ಆಕಾರವಿದೆ. ಕೂತೆದ್ದವರ ಬೆನ್ನ ಮೇಲೆಲ್ಲ ಕಿರೀಟದ ಅಚ್ಚು! ನಾನು ಈ ಸಿನಿಮಾವನ್ನು ಹಿಂದೆಯೂ ಒಮ್ಮೆ ನೋಡಿದ್ದೆ, ಆಗ ನನಗೆ ಅದು ಕಂಡಿರಲಿಲ್ಲ.

ಇಷ್ಟು ಚೆಂದದ ಸಿನಿಮಾ ತಾತಿಯನ್ನು ಮುಳುಗಿಸಿತು. ಹಾಕಿದ ದುಡ್ಡು ವಾಪಸ್ಸು ಬರಲಿಲ್ಲ. ಕತ್ತರಿಸಿ ಚಿಕ್ಕದು ಮಾಡಿದರೂ ಆಗಲಿಲ್ಲ. ಕಟ್ಟಿದ ನಗರವನ್ನು ಕೆಡವಿದರು. ಮನೆ ಹೋಯಿತು, ಕಡೆಗೆ ತಾನೇ ಮಾಡಿದ ಸಿನಿಮಾಗಳ ಹಕ್ಕೂ ಕೈಬಿಟ್ಟು ಹೋಯಿತು. ಜನ ಉಲೋನನ್ನು ನೋಡಲು ಬಂದಿದ್ದರು. ತಾತಿ ಅವರಿಗೆ ಎಲ್ಲರನ್ನೂ ತೋರಿಸಿದ. ನೋಡುವವರ ಮೇಲೆ ಅಷ್ಟು ನಂಬಿಕೆ ಇಟ್ಟದ್ದಕ್ಕೆ ಅಷ್ಟು ದೊಡ್ಡ ಬೆಲೆ ಕೊಡಬೇಕಾಯಿತಲ್ಲ ಅನ್ನಿಸಿ ಆವತ್ತು ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

1971ರ 'ತ್ರಾಫಿಕ್'ನಲ್ಲಿ ಉಲೋ ಮತ್ತೆ ಮುಂದೆ ಬರುತ್ತಾನೆ. ತಾನು ರೂಪಿಸಿದ ಕ್ಯಾಂಪಿಂಗ್ ಕಾರನ್ನು ಆಮ್‌ಸ್ಟರ್‌ಡ್ಯಾಮಿನ ಪ್ರದರ್ಶನಕ್ಕೆ ಒಯ್ಯಬೇಕು. ದಾರಿಯುದ್ದಕ್ಕೂ ವಿಘ್ನ, ತಲುಪುವಷ್ಟರಲ್ಲಿ ಪ್ರದರ್ಶನವೇ ಮುಗಿದಿರುತ್ತದೆ. ಮಳೆಯಲ್ಲಿ ನಿಂತ ಕಾರುಗಳ ವೈಪರುಗಳು ಒಳಗೆ ಕೂತವರ ಸ್ವಭಾವದ ಹಾಗೆಯೇ ಆಡುತ್ತವೆ. ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿಕೊಂಡಾಗ ಇನ್ನು ಮುಂದೆ ನನಗೊಂದು ಕೆಲಸ ಸಿಕ್ಕಿತು. ಸಿನಿಮಾ 'ಪ್ಲೇಟೈಮ್'ನಷ್ಟು ತುಂಬಿಕೊಂಡಿಲ್ಲ, ಸ್ವಲ್ಪ ಸುಸ್ತಾದವನ ಸಿನಿಮಾ ಅನ್ನಿಸುತ್ತದೆ.

ಕೊನೆಯದು 1974ರ 'ಪರಾದ್'. ಸ್ವೀಡನ್ನಿನ ಟಿವಿಗಾಗಿ, ಬಹುಪಾಲು ವಿಡಿಯೋದಲ್ಲಿ ತೆಗೆದ ಒಂದು ಸರ್ಕಸ್ಸು. ನಗರ ಕಟ್ಟಿಸಿದವನು ಇಲ್ಲಿ ಒಂದು ಸಣ್ಣ ಅಖಾಡದಲ್ಲಿ ನಿಂತು, ಸಿನಿಮಾಕ್ಕೆ ಬರುವ ಮೊದಲು ರಂಗದ ಮೇಲೆ ಮಾಡುತ್ತಿದ್ದ ಹಳೆಯ ಆಟಗಳನ್ನೇ ಮಾಡುತ್ತಾನೆ. ಗೋಲ್‌ಕೀಪರ್, ಟೆನಿಸ್ ಆಟಗಾರ, ಕುದುರೆ ಸವಾರ. ಕೈಯಲ್ಲಿ ಏನೂ ಇಲ್ಲ, ಬರೀ ಮೈ. ವಯಸ್ಸು ಅರವತ್ತಾರರ ಸುಮಾರು. ಅಳು ಬರುತ್ತದೆ ಅಂದುಕೊಂಡಿದ್ದೆ, ಬರಲಿಲ್ಲ. ಆಟವೆಲ್ಲ ಮುಗಿದು ಜನ ಎದ್ದುಹೋದ ಮೇಲೆ ಎರಡು ಪುಟ್ಟ ಮಕ್ಕಳು ಬಂದು ಅಲ್ಲಿ ಬಿಟ್ಟುಹೋದ ಸಾಮಾನುಗಳ ಜೊತೆ ಆಡುತ್ತಾ ಕೂರುತ್ತವೆ. ಕ್ಯಾಮೆರಾ ಅವನ್ನೇ ನೋಡುತ್ತದೆ. ಮೊದಲು ತಾನಿದ್ದ, ಆಮೇಲೆ ಗುಂಪು ಬಂತು, ಕಡೆಗೆ ಜಾಗವನ್ನೇ ನೋಡುವವರಿಗೆ ಬಿಟ್ಟುಕೊಟ್ಟು ಎದ್ದುಹೋದ. ಸಾಲಾಗಿ ನೋಡದಿದ್ದರೆ ಇದು ನನಗೆ ತಿಳಿಯುತ್ತಿರಲಿಲ್ಲ.

ತಾತಿ 1982ರಲ್ಲಿ ತೀರಿಕೊಂಡ. 2001ರಲ್ಲಿ ಮಗಳು ಸೋಫಿ ಇನ್ನಿಬ್ಬರ ಜೊತೆ ಸೇರಿ ಸಂಸ್ಥೆ ಕಟ್ಟಿ ಸಿನಿಮಾಗಳ ಹಕ್ಕನ್ನು ಬಿಡಿಸಿಕೊಂಡಳು. 'ಪ್ಲೇಟೈಮ್' ದುರಸ್ತಿಯಾಗಿ ಮತ್ತೆ ಅಗಲ ಪರದೆಗೆ ಬಂತು. ಆತ ಬರೆದಿಟ್ಟು ತೆಗೆಯಲಾಗದ ಒಂದು ಚಿತ್ರಕಥೆ 2010ರಲ್ಲಿ 'ಇಲ್ಯೂಷನಿಸ್ಟ್' ಅನ್ನುವ ಅನಿಮೇಷನ್ ಸಿನಿಮಾ ಆಯಿತು.

ನೀವೂ ನೋಡುವುದಾದರೆ 'ರಜೆ'ಯಿಂದ ಶುರುಮಾಡಿ. ಮೊಬೈಲಿನಲ್ಲಿ ಮಾತ್ರ ಬೇಡ, ಮೂಲೆಗಳೆಲ್ಲ ಹೊರಟುಹೋಗುತ್ತವೆ. ಒಬ್ಬರೇ ಕೂತು ನೋಡುವುದೂ ಬೇಡ, ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಳ್ಳಿ. ನಿಮಗೆ ಕಾಣದ್ದು ಅವರಿಗೆ ಕಾಣುತ್ತದೆ.

ನಮ್ಮ ಮನೆಯಲ್ಲಿ ಮುಂದಿನ ಸಾಲು ಬಸ್ಟರ್ ಕೀಟನ್. ಅದು ಪೂರ್ತಿ ಮೂಕಿ, ನನ್ನ "ಡುಂಯ್‌ಕ್" ಕೆಲಸಕ್ಕೆ ರಜೆ. ಎಷ್ಟು ಸಿನಿಮಾ ಇವೆ ಅಂತ ಅಪ್ಪ ಆಗಲೇ ಎರಡು ಸಲ ಕೇಳಿದ್ದಾರೆ. ಸುಮಾರಿವೆ ಅಂದಿದ್ದೇನೆ.