ಮುಚ್ಚದ ಪಾತ್ರೆ ಮತ್ತು ನೆರೆಮನೆಯ ಹಕ್ಕು

ನಾವು ಅತಿ ಕ್ಷುದ್ರವೆಂದು ಭಾವಿಸುವ ಸೊಳ್ಳೆಯನ್ನು ಉದಾಹರಿಸಲು ಅಲ್ಲಾಹನು ಸಂಕೋಚಪಡುವುದಿಲ್ಲವೆಂದು ಪವಿತ್ರ ಕುರ್‌ಆನಿನ ಅಲ್ ಬಕರಃ ಅಧ್ಯಾಯದ 26ನೇ ಸೂಕ್ತವು ತಿಳಿಸುತ್ತದೆ. ಹಲವು ವರ್ಷಗಳಿಂದ ಮದ್ರಸಾದ ಮಕ್ಕಳಿಗೆ ಈ ಸೂಕ್ತವನ್ನು ನಾವು ವಿವರಿಸುತ್ತ ಬಂದಿದ್ದೇವೆ. ಆದರೆ ಅದೇ ಸೊಳ್ಳೆಯು ನಮಗೊಂದು ಪಾಠ ಕಲಿಸಿದ್ದು ಕಳೆದ ಮಳೆಗಾಲದಲ್ಲಿ.

ಮನೆಯ ಹಿಂಬದಿಯಲ್ಲಿ ವುಝೂವಿಗೆಂದು 200 ಲೀಟರಿನ ನೀಲಿ ಡ್ರಮ್ಮೊಂದನ್ನು ಇಟ್ಟಿದ್ದೆವು. ಮಾಡಿನ ನೀರು ದಂಬೆಯಿಂದ ಇಳಿದು ಅದರಲ್ಲಿ ತುಂಬುತ್ತಿತ್ತು. ನೀರಿನ ಬಣ್ಣ, ರುಚಿ, ವಾಸನೆಗಳಲ್ಲಿ ಯಾವುದೂ ಕೆಟ್ಟಿರಲಿಲ್ಲ. ಕರ್ಮಶಾಸ್ತ್ರದ ದೃಷ್ಟಿಯಲ್ಲಿ ಅದು ಶುದ್ಧ ನೀರು. ಅದರ ಕುರಿತು ಇನ್ನೇನನ್ನಾದರೂ ವಿಚಾರಿಸಬೇಕೆಂದು ನಮಗೆ ತೋಚಿರಲೇ ಇಲ್ಲ.

ಆ ದಿನಗಳಲ್ಲಿ ನೆರೆಮನೆಯ ಹಿಂದೂ ಸಹೋದರಿಯ 9 ವರ್ಷದ ಮಗಳು ಜ್ವರದಿಂದ ಮಲಗಿದಳು. ರಕ್ತಪರೀಕ್ಷೆಯಲ್ಲಿ ಡೆಂಗಿ ಎಂದು ತಿಳಿಯಿತು. ಪ್ಲೇಟ್‌ಲೆಟ್ ಕುಸಿದು ಐದು ದಿನ ಆಸ್ಪತ್ರೆಯಲ್ಲಿರಬೇಕಾಯಿತು. ಮರುದಿನವೇ ಆಶಾ ಕಾರ್ಯಕರ್ತೆಯೊಬ್ಬರು ಸುತ್ತಲಿನ ಮನೆಗಳನ್ನು ಪರಿಶೀಲಿಸುತ್ತ ನಮ್ಮ ಹಿತ್ತಿಲಿಗೂ ಬಂದರು. ಡ್ರಮ್ಮಿನೊಳಗೆ ಟಾರ್ಚ್ ಹಿಡಿದು, “ಉಸ್ತಾದರೇ, ಇಲ್ಲಿ ನೋಡಿ” ಎಂದರು. ತಿಳಿನೀರಿನಲ್ಲಿ ನೂರಾರು ಲಾರ್ವಾಗಳು ನುಲಿಯುತ್ತಿದ್ದವು. ಅದೇ ನೀರಿನಿಂದ ನಾವು ಮುಂಜಾನೆಯ ನಮಾಝಿಗೆ ಅಂಗಸ್ನಾನ ಮಾಡಿದ್ದೆವು.

ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಚರಂಡಿಯ ಕೊಳಕು ಬೇಕಿಲ್ಲ, ನಿಂತ ತಿಳಿನೀರು ಸಾಕೆಂದು ಅವರು ವಿವರಿಸಿದರು. ಅದು ಕಚ್ಚುವುದು ಹಗಲಿನಲ್ಲಿ. ಹೆಚ್ಚು ದೂರ ಹಾರುವುದೂ ಇಲ್ಲ. ಹುಟ್ಟಿದ ಅಂಗಳ ಮತ್ತು ಪಕ್ಕದ ಮನೆಗಳೇ ಅದರ ಲೋಕ. ಈ ಕೊನೆಯ ಮಾತು ನಮ್ಮೆದೆಗೆ ನಾಟಿತು.

ಆ ಮಗುವನ್ನು ಕಚ್ಚಿದ ಸೊಳ್ಳೆ ನಮ್ಮ ಡ್ರಮ್ಮಿನದೇ ಎಂದು ಹೇಳಬಲ್ಲವರಾರು? ಅಲ್ಲವೆಂದು ಹೇಳುವ ಧೈರ್ಯವೂ ನಮಗಿರಲಿಲ್ಲ. ಮಗು ಮನೆಗೆ ಮರಳಿದ ಸಂಜೆ ನಾವು ಹೋಗಿ ಆ ತಾಯಿಯೊಡನೆ, “ಅಕ್ಕಾ, ನಮ್ಮ ಹಿತ್ತಿಲಲ್ಲಿ ಸೊಳ್ಳೆಮರಿಗಳಿದ್ದವು. ನಮ್ಮಿಂದ ತಪ್ಪಾಗಿದೆ, ಕ್ಷಮಿಸಬೇಕು” ಎಂದೆವು. ಅವರು, “ನಮ್ಮ ಅಂಗಳದಲ್ಲೂ ಎರಡು ಕಡೆ ಇತ್ತಂತೆ ಉಸ್ತಾದರೇ. ಮಗು ಮನೆಗೆ ಬಂದಳಲ್ಲ, ಅದು ಸಾಕು” ಎಂದರು. ಅವರ ದೊಡ್ಡ ಮನಸ್ಸು ನಮ್ಮ ಹೊಣೆಯನ್ನು ಇಳಿಸಲಿಲ್ಲ, ಹೆಚ್ಚಿಸಿತು.

ರಾತ್ರಿ ಪಾತ್ರೆಗಳನ್ನು ಮುಚ್ಚಿಡಬೇಕು, ನೀರಿನ ಚೀಲದ ಬಾಯಿ ಕಟ್ಟಬೇಕೆಂಬ ಪ್ರವಾದಿವರ್ಯರ(ಸ) ಆದೇಶವು ಸಹೀಹ್ ಮುಸ್ಲಿಮ್‌ನಲ್ಲಿದೆ. ತೆರೆದಿಟ್ಟ ಪಾತ್ರೆಗೆ ರೋಗವು ಇಳಿಯುವ ಬಗ್ಗೆಯೂ ಅಲ್ಲಿ ಎಚ್ಚರಿಕೆಯಿದೆ. ಆ ಹದೀಸ್‌ನಲ್ಲಿ ಸೊಳ್ಳೆಯ ಪ್ರಸ್ತಾಪವಿಲ್ಲ. ಇಲ್ಲದ್ದನ್ನು ಅದಕ್ಕೆ ಆರೋಪಿಸುವುದೂ ಸಲ್ಲದು. ಆದರೆ ಒಂದು ಮುಚ್ಚಳವನ್ನು ನಾವು ಪಾಲಿಸಿದ್ದಿದ್ದರೆ ಆ ಡ್ರಮ್ಮು ಸೊಳ್ಳೆಗಳ ತೊಟ್ಟಿಲಾಗುತ್ತಿರಲಿಲ್ಲ. ಮಕ್ಕಳಿಂದ ಕಂಠಪಾಠ ಮಾಡಿಸಿದ ಮಾತು ನಮ್ಮ ಹಿತ್ತಿಲನ್ನು ತಲುಪಿರಲಿಲ್ಲ! ಯಾರ ಕೇಡಿನಿಂದ ನೆರೆಯವನು ಸುರಕ್ಷಿತನಲ್ಲವೋ ಅವನು ವಿಶ್ವಾಸಿಯಲ್ಲವೆಂಬ ಪ್ರವಾದಿ ವಚನವನ್ನು ಜಗಳ, ಚಾಡಿಗಳಿಗಷ್ಟೇ ಸೀಮಿತಗೊಳಿಸಿದ್ದೆವು.

ಇದು ಹೊಸ ವಿಷಯವೇನಲ್ಲ. 1883ರಲ್ಲಿ ಬೆಂಗಳೂರಿನ ದಂಡುಪ್ರದೇಶದಲ್ಲಿ ವೈದ್ಯರಾಗಿದ್ದ ರೊನಾಲ್ಡ್ ರಾಸ್, ನೀರು ನಿಲ್ಲದಂತೆ ನೋಡಿಕೊಂಡರೆ ಸೊಳ್ಳೆಗಳನ್ನು ತಗ್ಗಿಸಬಹುದೆಂದು ತಮ್ಮ ನಿವಾಸದಲ್ಲೇ ಕಂಡುಕೊಂಡಿದ್ದರು. ಮುಂದೆ 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಪರಾವಲಂಬಿಯನ್ನು ಗುರುತಿಸಿದವರೂ ಅವರೇ.

ಮೊಟ್ಟೆಯು ಸೊಳ್ಳೆಯಾಗಿ ಹಾರಲು ಸುಮಾರು ಒಂದು ವಾರದಿಂದ ಹತ್ತು ದಿನ ಬೇಕು. ಆದ್ದರಿಂದ ವಾರಕ್ಕೊಮ್ಮೆ ನೀರು ಬರಿದು ಮಾಡಿದರೆ ಅದರ ಸಂತತಿ ಕಡಿಯುತ್ತದೆ. ಶುಕ್ರವಾರದ ಸ್ನಾನವು ನಮಗೆ ಸುನ್ನತ್ ಆಗಿದೆ. ಅದಕ್ಕೂ ಮುನ್ನ ಹಿತ್ತಿಲನ್ನು ಸ್ವಚ್ಛಗೊಳಿಸುವುದನ್ನು ನಮ್ಮ ಮನೆಯಲ್ಲಿ ರೂಢಿಸಿಕೊಂಡೆವು. ಡ್ರಮ್ಮಿನ ನೀರನ್ನು ಪೋಲು ಮಾಡದೆ ಬಾಳೆಯ ಬುಡಕ್ಕೆ ಹಾಕುತ್ತೇವೆ. ಬಳಿಕ ಒಳಗೋಡೆಯನ್ನು ಬ್ರಷ್‌ನಿಂದ ಉಜ್ಜುತ್ತೇವೆ. ಏಕೆಂದರೆ ಈಡಿಸ್ ಮೊಟ್ಟೆಗಳು ನೀರಿನ ಅಂಚಿನ ಮೇಲೆ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಬದುಕಿರಬಲ್ಲವು. ಬಾಯಿಗೆ ತೆಳುಬಟ್ಟೆ ಬಿಗಿದು ಮುಚ್ಚಳವಿಡುತ್ತೇವೆ. ಬಿದ್ದ ಅಡಿಕೆ ಹಾಳೆ, ಗೆರಟೆ, ರಬ್ಬರ್ ತೋಟದ ಕಪ್, ಹಳೆಯ ಟಯರ್, ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ತಟ್ಟೆ, ಟಾರ್ಪಾಲಿನ ಮಡಿಕೆಗಳನ್ನು ಮಕ್ಕಳೇ ಹುಡುಕಿ ಬರಿದು ಮಾಡುತ್ತಾರೆ. ಬರಿದು ಮಾಡಲಾಗದ ಮಸೀದಿಯ ಹೌಝ್‌ಗೆ ಲಾರ್ವಾ ತಿನ್ನುವ ಗಪ್ಪಿ ಮೀನುಗಳನ್ನು ಬಿಟ್ಟಿದ್ದೇವೆ. ಸೊಳ್ಳೆಬತ್ತಿಯ ಹೊಗೆ ಕೋಣೆಯ ಸೊಳ್ಳೆಯನ್ನು ದೂರವಿಟ್ಟೀತು. ನೀರಿನಲ್ಲಿರುವ ಮರಿಗಳನ್ನು ಅದು ಮುಟ್ಟಲಾರದು.

ಇಷ್ಟಾದ ಮೇಲೂ ರೋಗ ಬರಬಹುದು. ವಿಧಿ ಅಲ್ಲಾಹನ ಕೈಯಲ್ಲಿದೆ. ಆದರೆ ಒಂಟೆಯನ್ನು ಕಟ್ಟಿಹಾಕಿ ಬಳಿಕ ಭರವಸೆಯಿಡಬೇಕೆಂಬ ಬೋಧನೆಯನ್ನು ಮರೆತು, ಮುಚ್ಚದ ಡ್ರಮ್ಮನ್ನು ವಿಧಿಯ ಹೆಸರಿನಲ್ಲಿ ಸಮರ್ಥಿಸುವುದು ತವಕ್ಕುಲ್ ಅಲ್ಲ, ಆಲಸ್ಯ.

ಈಗ ಶುಕ್ರವಾರ ಬೆಳಿಗ್ಗೆ ನಮ್ಮ ಮಕ್ಕಳು ಹಿತ್ತಿಲಿಗಿಳಿದಾಗ ಬೇಲಿಯಾಚೆ ಆ ಹುಡುಗಿಯೂ ಗೆರಟೆಗಳನ್ನು ಮಗುಚುತ್ತಿರುತ್ತಾಳೆ. ಅವಳನ್ನು ಕಂಡಾಗಲೆಲ್ಲ ನಮ್ಮ ನಾಲಗೆ ಅಲ್ಲಾಹನನ್ನು ಸ್ತುತಿಸುತ್ತದೆ. ನಮ್ಮ ಅಂಗಳವು ಯಾರಿಗೂ ಕೇಡಿನ ತಾಣವಾಗದಂತೆ ಅವನು ಕಾಪಾಡಲಿ. ಆಮೀನ್.