ಟೈರು ದೊಡ್ಡದಾಯಿತು, ದಾರಿ ಚಿಕ್ಕದಾಯಿತು
(ದಿನಚರಿಯ ಪುಟಗಳು, ಮಾಂಟ್ರಿಯಲ್)

ಅಕ್ಟೋಬರ್ 14, ಶನಿವಾರ

ಎರಡು ಜೊತೆ ಟೈರಿನ ಸಂಸಾರ ಸಾಕಾಗಿದೆ. ನಾನಿರುವ ವರ್ಡನ್‌ನ ಹಳೇ ಮನೆಗಳಿಗೆ ಮೆಟ್ಟಿಲು ಹೊರಗಡೆ. ಬೀದಿಯಿಂದ ತಿರುಚಿಕೊಂಡು ಎರಡನೇ ಮಹಡಿಗೆ ಹೋಗುವ ಕಬ್ಬಿಣದ ಮೆಟ್ಟಿಲು, ಅಲ್ಲಿಂದ ಮೇಲಕ್ಕೆ ಕಡಿದಾದ ಒಳಮೆಟ್ಟಿಲು. ಪ್ರವಾಸಿಗರು ನಿಂತು ಫೋಟೋ ತೆಗೆದುಕೊಳ್ಳುತ್ತಾರೆ. ಒಂದೊಂದೇ ಚಕ್ರ ಎದೆಗವಚಿಕೊಂಡು ಮೂರನೇ ಮಹಡಿಗೆ ಹತ್ತುವವರ ಫೋಟೋ ಯಾರೂ ತೆಗೆಯುವುದಿಲ್ಲ. ಗ್ಯಾರೇಜಿನಲ್ಲಿ ಬಾಡಿಗೆಗೆ ಇಡಬಹುದು. ಆದರೆ ಅದಕ್ಕೂ ವರ್ಷವರ್ಷ ದುಡ್ಡು, ಅಕ್ಟೋಬರ್‌ನಲ್ಲೂ ಏಪ್ರಿಲ್‌ನಲ್ಲೂ ಸರದಿ.

ಕೆಬೆಕ್‌ನಲ್ಲಿ ಚಳಿಗಾಲದ ಟೈರು ಕಾನೂನು. 2008ರಲ್ಲಿ ಬಂತು. ಈಗ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಹಾಕಿರಲೇಬೇಕು, ಇಲ್ಲದಿದ್ದರೆ ಕನಿಷ್ಠ 200 ಡಾಲರ್ ದಂಡ. ಮೊದಲು ಡಿಸೆಂಬರ್ 15 ಇದ್ದದ್ದು 2019ರಲ್ಲಿ ಎರಡು ವಾರ ಹಿಂದಕ್ಕೆ ಬಂತು. ಟೈರಿನ ಮಗ್ಗುಲಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೊಂದು ಹಿಮದ ಹರಳು, ಆ ಗುರುತು ಇರಬೇಕು ಅನ್ನುವ ನಿಯಮ 2014ರಿಂದ. ಆಲ್ ಸೀಸನ್ ಅಂತ ಮಾರುವ ಮಾಮೂಲಿ ಟೈರಿಗೆ ಆ ಗುರುತು ಇರುವುದಿಲ್ಲ. ಆಲ್ ವೆದರ್ ಅನ್ನುವುದಕ್ಕೆ ಇರುತ್ತದೆ. ಬೇಸಿಗೆಯಲ್ಲೂ ಬಿಚ್ಚಬೇಕಿಲ್ಲದ, ಡಿಸೆಂಬರ್‌ನಲ್ಲೂ ಪೊಲೀಸರು ಒಪ್ಪುವ ಟೈರು.

ಈ ಸಲ ನನ್ನ ಕರೆಂಟ್ ಕಾರು ಬೋಲ್ಟ್‌ನ ಎರಡು ಜೊತೆಯೂ ಒಟ್ಟಿಗೇ ಮುಗಿದಿವೆ. ಬೇಸಿಗೆಯದ್ದು ಕಂಪನಿಯಿಂದ ಬಂದದ್ದು, ಸವೆದು ಮೂರು ಮಿಲಿಮೀಟರ್ ಪಟ್ಟೆ ಉಳಿದಿದೆ. ಚಳಿಗಾಲದ್ದಕ್ಕೆ ಪಟ್ಟೆ ಇದೆ, ಆದರೆ ರಬ್ಬರು ಉಗುರಿಗೆ ಬಗ್ಗದಷ್ಟು ಗಟ್ಟಿ. ಎಂಟು ಟೈರು ಕೊಳ್ಳುವುದೋ, ನಾಲ್ಕೋ?

ಅಕ್ಟೋಬರ್ 18, ಬುಧವಾರ

ಅಪ್ಪನಿಗೆ ಫೋನ್ ಮಾಡಿದೆ. ಇಲ್ಲಿ ರಾತ್ರಿ ಒಂಬತ್ತು, ಮೈಸೂರಿನಲ್ಲಿ ಬೆಳಗಿನ ಆರೂವರೆ. ಟೈರಿನ ಮಾತೆತ್ತಿದರೆ ಅವರು ಕಾಫಿ ಆರಲು ಬಿಡುತ್ತಾರೆ. ಮೇಟಗಳ್ಳಿಯ ವಿಕ್ರಾಂತ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. 1997ರಲ್ಲಿ ಜೆ.ಕೆ. ಟೈರ್‌ನವರು ಅದನ್ನು ಕೊಂಡ ಮೇಲೂ ನಮ್ಮ ಮನೆಯಲ್ಲಿ ಅದು ವಿಕ್ರಾಂತ್ ಆಗಿಯೇ ಉಳಿಯಿತು. ಶಿಫ್ಟ್ ಮುಗಿಸಿ ಬಂದು ತಲೆಗೆ ನೀರು ಹಾಕಿಕೊಂಡರೆ ಬಚ್ಚಲಲ್ಲಿ ಕಾರ್ಬನ್ ಬ್ಲ್ಯಾಕ್‌ನ ಕಪ್ಪು ನೀರು ಹರಿಯುತ್ತಿತ್ತು.

"ಕರೆಂಟ್ ಗಾಡಿಗೆ ಏನಮ್ಮ ವಿಶೇಷ?" ಅಂದರು. ಹೇಳಿದೆ: ತೂಕ 1,616 ಕೆಜಿ, ಇಷ್ಟು ಚಿಕ್ಕ ಕಾರಿಗೆ ಜಾಸ್ತಿ. ಮೋಟಾರಿನ 360 ನ್ಯೂಟನ್-ಮೀಟರ್ ತಿರುಚುಬಲ ಕಾಲಿಟ್ಟ ಕ್ಷಣಕ್ಕೆ ಮುಂದಿನ ಎರಡೇ ಚಕ್ರಕ್ಕೆ ಬಂದು ಬೀಳುತ್ತದೆ. ಒದ್ದೆ ರಸ್ತೆಯ ಸಿಗ್ನಲ್‌ನಲ್ಲಿ ಹಸಿರು ಬಿದ್ದು ಸ್ವಲ್ಪ ಅವಸರ ಮಾಡಿದರೆ ಟೈರು ಅಲ್ಲೇ ಕಿರುಚುತ್ತದೆ.

"ಹಂಗಾದರೆ ಲೋಡ್ ನಂಬರ್ ನೋಡಿ ತಗೋ. ಹೆಸರು ಆಮೇಲೆ."

ಲೋಡ್ ನಂಬರ್ ಅಂದರೆ ಅಳತೆಯ ಪಕ್ಕದಲ್ಲಿ ಒತ್ತಿರುವ ಅಂಕಿ. 91 ಅಂದರೆ ಒಂದು ಟೈರು 615 ಕೆಜಿ ಹೊರಬಲ್ಲದು, 98 ಅಂದರೆ 750. ಕಂಪನಿಯದ್ದು 91.

ನಾನು ಅಳತೆಯನ್ನೂ ಬದಲಿಸಬೇಕು ಅಂತಿದ್ದೇನೆ. ಬಂದಾಗ ಇದ್ದದ್ದು 215/50R17. ನೋಡಿಟ್ಟಿರುವುದು 225/50R17. ಕೇಳಿ ಅಪ್ಪ ಕೂಡಲೇ ಲೆಕ್ಕಕ್ಕೆ ಕೂತರು. ರಿಮ್ಮಿನ ಹದಿನೇಳು ಇಂಚು ಅಂದರೆ 431.8 ಮಿ.ಮೀ. ಮಗ್ಗುಲಿನ ಎತ್ತರ ಅಗಲದ ಅರ್ಧ, ಮೇಲೊಂದು ಕೆಳಗೊಂದು, ಹಾಗಾಗಿ ಒಟ್ಟು ಅಗಲದಷ್ಟೇ ಕೂಡಿಸಿದರಾಯಿತು. ಹಳೆಯದು 646.8, ಹೊಸದು 656.8. ವ್ಯಾಸ ಒಂದು ಸೆಂಟಿಮೀಟರ್ ಹೆಚ್ಚು, ಗಾಡಿ ನೆಲದಿಂದ ಅರ್ಧ ಸೆಂಟಿಮೀಟರ್ ಮೇಲೆ. "ರಿಮ್ ಅಗಲ?" ಆರೂವರೆ ಇಂಚು. "ಕೂರುತ್ತೆ. ಯಾಕೆ ಬೇಕು ಅದು?"

ಯಾಕೆ ಅಂದರೆ ಮಾರ್ಚ್ ತಿಂಗಳ ಗುಂಡಿಗಳು. ಹಗಲು ಕರಗಿದ ನೀರು ಡಾಂಬರಿನ ಬಿರುಕಿಗೆ ಇಳಿದು, ರಾತ್ರಿ ಹೆಪ್ಪುಗಟ್ಟಿ ಹಿಗ್ಗಿ, ರಸ್ತೆಯನ್ನು ಒಳಗಿನಿಂದ ಎಬ್ಬಿಸುತ್ತದೆ. ರಿಮ್ಮಿಗೂ ಗುಂಡಿಯ ಅಂಚಿಗೂ ನಡುವೆ ಐದು ಮಿಲಿಮೀಟರ್ ಹೆಚ್ಚು ರಬ್ಬರು ಮತ್ತು ಗಾಳಿ ಸಿಕ್ಕರೂ ಲಾಭ. ಈ ಅಳತೆಯಲ್ಲಿ ಆಲ್ ವೆದರ್ ಟೈರು 98ರ ಲೋಡಿನದ್ದೂ ಸಿಗುತ್ತದೆ. ಅಪ್ಪನಿಗೆ ಅರ್ಧ ಮನಸ್ಸು. ಗಾಡಿ ಮಾಡಿದವನು ಅಳತೆ ಸುಮ್ಮನೆ ಬರೆದಿರಲ್ಲ ಅನ್ನುವುದು ಅವರ ವಾದ. ಸುಮ್ಮನೆ ಬರೆದಿಲ್ಲ, ನಿಜ. ಮೈಲೇಜ್ ಪರೀಕ್ಷೆಗಾಗಿ ಬರೆದಿದ್ದಾರೆ ಅನ್ನುವುದು ನನ್ನ ವಾದ.

ಅಕ್ಟೋಬರ್ 28, ಶನಿವಾರ

ಹಾಕಿಸಿದ್ದಾಯಿತು. ಕೊನೆಗೆ ತಗೊಂಡದ್ದು ನೋಕಿಯನ್. ನಮ್ಮ ಕಾಲದ ನೋಕಿಯಾ ಫೋನಿನವರ ದಾಯಾದಿಗಳೇ ಇವರು. ಫಿನ್‌ಲೆಂಡಿನ ನೋಕಿಯಾ ಊರಿನ ರಬ್ಬರ್ ವ್ಯವಹಾರ, ಟೈರಿನ ಭಾಗ 1988ರಲ್ಲಿ ಬೇರೆ ಕಂಪನಿಯಾಯಿತು. ಹಿಮಕ್ಕೆಂದೇ ಟೈರು ಮಾಡಲು ಶುರು ಮಾಡಿದ್ದು 1934ರಲ್ಲಿ. ಲೋಡ್ ನಂಬರ್ 98, ಅಪ್ಪನ ಶರತ್ತು ತೀರಿತು.

ಗಾಡಿಯನ್ನು ಲಿಫ್ಟಿಗೆ ಏರಿಸುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಬೋಲ್ಟಿನ ಹೊಟ್ಟೆಯ ತುಂಬ ಬ್ಯಾಟರಿ. ಲಿಫ್ಟಿನ ತೋಳು ತಪ್ಪಿ ಅದಕ್ಕೆ ಒತ್ತಿದರೆ ಟೈರಿನ ಖರ್ಚಿನ ಜೊತೆ ಹೋಲಿಸಲಾಗದ ಖರ್ಚು. ಹುಡುಗ ಮೊಣಕಾಲೂರಿ ಟಾರ್ಚ್ ಬಿಟ್ಟು ನಾಲ್ಕೂ ಜಾಗ ನೋಡಿ, ರಬ್ಬರ್ ತುಂಡು ಇಟ್ಟು ಎತ್ತಿದ. ನಾನು ಹೇಳುವುದೇನೂ ಉಳಿಯಲಿಲ್ಲ. ಹಳೇ ಟೈರು ಬಿಚ್ಚಿದಾಗ ಒಳಮೈಗೆ ಬಳಿದ ಅಂಟು ಕಂಡಿತು, ಹಲಸಿನ ಮೇಣದಷ್ಟು ಜಿಗುಟು. ಮೊಳೆ ಚುಚ್ಚಿದರೆ ತಾನೇ ಮುಚ್ಚಿಕೊಳ್ಳಲು ಬಳಿದದ್ದು. ಬೋಲ್ಟಿಗೆ ಸ್ಟೆಪ್ನಿ ಇಲ್ಲ, ಆ ಅಂಟೇ ಸ್ಟೆಪ್ನಿ. ಹೊಸದರಲ್ಲಿ ಅದೂ ಇಲ್ಲ. ಹಾಗಾಗಿ ಡಿಕ್ಕಿಯಲ್ಲಿ ಸಣ್ಣ ಪಂಪು, ಪಂಕ್ಚರ್ ಹಾಕುವ ಬತ್ತಿ, ಸೂಜಿ ಸೇರಿಕೊಂಡವು. ಟೈರು ಬದಲಿಸುವವರಿಗೆ ಅಂಗಡಿಯವರು ಇದನ್ನು ತಾವಾಗಿ ಹೇಳುವುದು ಕಡಿಮೆ.

ಗಾಳಿ 38 ಪಿಎಸ್ಐ. ಮನೆಗೆ ಬರುವಾಗ ವರ್ಡನ್ನಿನ ಉಬ್ಬುಗಳು ಮೆತ್ತಗಾಗಿದ್ದವು. ಗುಂಯ್ ಎನ್ನುವ ಸಣ್ಣ ಸದ್ದೊಂದು ಹೊಸದಾಗಿ ಬಂದಿದೆ. ಎಂಜಿನ್ ಇಲ್ಲದ ಗಾಡಿಯಲ್ಲಿ ಅದನ್ನು ಮುಚ್ಚಲು ಬೇರೆ ಸದ್ದಿಲ್ಲ.

ನವೆಂಬರ್ 12, ಭಾನುವಾರ

ಕರೆಂಟಿನ ಖರ್ಚು ಏರಿದೆ. ಕೆಲಸದ ಮೇಲೆ ಲೊರೆಂಟಿಯನ್ ಬೆಟ್ಟಗಳ ಕಡೆಯ ಆಸ್ಪತ್ರೆಗಳಿಗೆ ಹೋಗುತ್ತಿರುತ್ತೇನೆ, ಪ್ರಯೋಗಾಲಯದ ಯಂತ್ರಗಳ ರಿಪೇರಿಗೆ. ಹದಿನೈದನೇ ಹೆದ್ದಾರಿ, ಅದೇ ವೇಗ, ಹೆಚ್ಚುಕಮ್ಮಿ ಅದೇ ಐದಾರು ಡಿಗ್ರಿ. ಹಿಂದೆ ನೂರು ಕಿಲೋಮೀಟರಿಗೆ 18.5 ಯೂನಿಟ್ ತೋರಿಸುತ್ತಿದ್ದದ್ದು ಈಗ 20. ಶೇಕಡಾ ಎಂಟು.

ಕಾರಣ ಗೊತ್ತಿರುವುದೇ. ಟೈರು ಉರುಳುವಾಗ ನೆಲ ಮುಟ್ಟುವ ಭಾಗ ಪ್ರತಿ ಸುತ್ತಿಗೂ ಚಪ್ಪಟೆಯಾಗಿ ಮತ್ತೆ ದುಂಡಗಾಗುತ್ತದೆ. ಬಗ್ಗಿಸಲು ಕೊಟ್ಟ ಶಕ್ತಿಯನ್ನು ರಬ್ಬರು ಪೂರ್ತಿ ವಾಪಸ್ ಕೊಡದೆ ಶಾಖವಾಗಿ ಕಳೆಯುತ್ತದೆ. ಚಳಿಯಲ್ಲೂ ಮೆದುವಾಗಿರಬೇಕಾದ ರಬ್ಬರು, ಆಳದ ಪಟ್ಟೆ, ಅದರ ತುಂಬ ಸಣ್ಣ ಸಣ್ಣ ಸೀಳು, ಎಲ್ಲವೂ ಬಗ್ಗುವುದನ್ನು ಹೆಚ್ಚಿಸುತ್ತವೆ. ಹಿಮದಲ್ಲಿ ಹಿಡಿತ ಕೊಡುವುದೂ ಅದೇ ಬಗ್ಗುವಿಕೆ. ಪೆಟ್ರೋಲ್ ಕಾರಿನಲ್ಲಿ ಇಷ್ಟು ವ್ಯತ್ಯಾಸ ಎಂಜಿನ್ನಿನ ದುಂದಿನಲ್ಲಿ ಕಾಣದೆ ಹೋಗುತ್ತಿತ್ತು. ಇಲ್ಲಿ ಪ್ರತಿ ಯೂನಿಟ್ಟೂ ಕಣ್ಣಮುಂದೆ ಪರದೆಯ ಮೇಲಿದೆ.

ಅಪ್ಪ ಮಾತ್ರ ಎಂಟನ್ನು ಒಪ್ಪಲಿಲ್ಲ. "ದೂರ ಅಳೆದವರು ಯಾರು?" ಗಾಡಿ. "ಗಾಡಿಗೆ ಟೈರು ಬದಲಾಯಿಸಿದ್ದು ಗೊತ್ತಾ?"

ಗೊತ್ತಿಲ್ಲ. ಗಾಡಿ ಎಣಿಸುವುದು ಚಕ್ರದ ಸುತ್ತನ್ನು. ಅದನ್ನು ಹಳೇ ಅಳತೆಯಿಂದ ಗುಣಿಸಿ ದೂರ ಹೇಳುತ್ತದೆ. ಚಕ್ರ ಶೇಕಡಾ ಒಂದೂವರೆ ದೊಡ್ಡದಾಗಿದೆ, ಅಂದರೆ ನೂರು ಓಡಿದೆ ಅಂದಾಗ ನಿಜಕ್ಕೂ ನೂರಾ ಒಂದೂವರೆ ಓಡಿರುತ್ತದೆ. ವೇಗವೂ ಅಷ್ಟೇ, ತೋರಿಸುವುದಕ್ಕಿಂತ ಚೂರು ಹೆಚ್ಚು. ಇಷ್ಟು ನಾನೂ ಲೆಕ್ಕ ಹಾಕಿದ್ದೆ. ಅಪ್ಪ ಇನ್ನೊಂದು ಹೆಜ್ಜೆ ಮುಂದೆ ಹೋದರು. ಹಳೇ ಟೈರು ಸವೆದಿತ್ತು. ಹೊಸದರ ಪಟ್ಟೆ ಎಂಟು ಮಿ.ಮೀ., ಹಳೆಯದರಲ್ಲಿ ಉಳಿದದ್ದು ಮೂರು. ಅದರ ವ್ಯಾಸವೇ ಒಂದು ಸೆಂಟಿಮೀಟರ್ ಕಡಿಮೆಯಾಗಿತ್ತು. "ಆಗ ನಿನ್ನ ಗಾಡಿ ಓಡದ ದೂರವನ್ನೂ ಓಡಿದೆ ಅಂತ ಬರೆದುಕೊಳ್ತಿತ್ತು. ಈಗ ಓಡಿದ್ದನ್ನೂ ಬಿಟ್ಟುಬಿಡ್ತಿದೆ. ಎರಡನ್ನೂ ಕಳಿ."

ತಕ್ಷಣ ತಾವೇ ತಿದ್ದಿಕೊಂಡರು. ರೇಡಿಯಲ್ ಟೈರಿನಲ್ಲಿ ಒಳಗಿನ ಉಕ್ಕಿನ ಪಟ್ಟಿಯೇ ಸುತ್ತಳತೆ ಹಿಡಿದಿರುತ್ತದೆ, ಸವೆದಷ್ಟೂ ಪೂರ್ತಿ ಕಳೆಯಬಾರದು, ಒಂದು ಪಾಲು ಮಾತ್ರ. ಹಾಗೆ ನೋಡಿದರೆ ಎಂಟರಲ್ಲಿ ಎರಡು, ಎರಡೂವರೆ ಬರೀ ಲೆಕ್ಕದ ತೊಡಕು. ಉಳಿದದ್ದು ನಿಜವಾದ ನಷ್ಟ.

ಇದನ್ನು ನಂಬಿ ಕೂರುವುದಕ್ಕಿಂತ ನೋಡಬಹುದಿತ್ತು, ನೋಡಿದೆ. ಹೆದ್ದಾರಿಯ ಪಕ್ಕದಲ್ಲಿ ಕಿಲೋಮೀಟರ್ ಫಲಕಗಳಿವೆ. ಐವತ್ತರ ಅಂತರಕ್ಕೆ ಗಾಡಿ ನಲವತ್ತೊಂಬತ್ತೂ ಚಿಲ್ಲರೆ ತೋರಿಸಿತು. ಮೇಟಗಳ್ಳಿ ಗೆದ್ದಿತು.

ಡಿಸೆಂಬರ್ 5, ಮಂಗಳವಾರ

ಹಿಮ ಗುಡಿಸುವ ಗಾಡಿಗಳು ಬಂದಿವೆ. ಬೀದಿಯಲ್ಲಿ ಬಿಟ್ಟ ಕಾರು ಎತ್ತೊಯ್ಯುವ ಮುಂಚೆ ಊದುವ ಸೈರನ್ ಕೇಳಿ ನಿದ್ದೆಗಣ್ಣಲ್ಲಿ ಇಳಿದು ಕಾರು ಸರಿಸಿದ್ದಾಯಿತು.

ಬೆಳಿಗ್ಗೆ ಒತ್ತಿ ಕೂತ ಹಿಮದ ಮೇಲೆ ಹೊರಟೆ. ಹಿಡಿತ ಗಟ್ಟಿ. ತಿರುವಿನಲ್ಲಿ ಮೂಗು ಹೊರಕ್ಕೆ ಜಾರಲಿಲ್ಲ. ಸಿಗ್ನಲ್‌ನಲ್ಲಿ ಮುಂದಿನ ಚಕ್ರ ಒಂದು ಕ್ಷಣ ತಡವರಿಸಿ ಕಚ್ಚಿತು. ಆದರೆ ಮಧ್ಯಾಹ್ನ ಕರಗಿ ಸಂಜೆ ಕನ್ನಡಿಯಾದ ಅಡ್ಡರಸ್ತೆಯ ಮಾತೇ ಬೇರೆ. ಕಾಲು ತೆಗೆದರೆ ಸಾಕು ಮೋಟಾರೇ ಬ್ರೇಕ್ ಹಾಕಿ ಬ್ಯಾಟರಿ ತುಂಬಿಸುವ ವ್ಯವಸ್ಥೆ ನನಗೆ ಬಹಳ ಇಷ್ಟ. ಮಂಜುಗಡ್ಡೆಯ ಮೇಲೆ ಆ ಎಳೆತವೂ ಮುಂದಿನ ಎರಡೇ ಚಕ್ರಕ್ಕೆ, ಹಾಗಾಗಿ ಕಾಲನ್ನು ಪೂರ್ತಿ ತೆಗೆಯದೆ ಮೆಲ್ಲಗೆ ಸಡಿಲಿಸಬೇಕು.

ಬೆಟ್ಟದ ಗುರುತಿನ ಪರೀಕ್ಷೆ ಏನು ಅಂತ ತಿಳಿದವರಿಗೆ ಇದು ಅಚ್ಚರಿಯಲ್ಲ. ಒತ್ತಿದ ಹಿಮದ ಮೇಲೆ ಟೈರು ಎಷ್ಟು ಬಲವಾಗಿ ಮುಂದಕ್ಕೆ ಎಳೆಯಬಲ್ಲದು ಅಂತ ಒಂದು ಮಾದರಿ ಟೈರಿನ ಜೊತೆ ಹೋಲಿಸುತ್ತಾರೆ. ಮಾದರಿಗೆ 100 ಆದರೆ ಇದಕ್ಕೆ ಕನಿಷ್ಠ 110 ಬರಬೇಕು. ಅಷ್ಟೇ. ನಿಲ್ಲುವುದರ ಪರೀಕ್ಷೆಯಲ್ಲ, ತಿರುಗುವುದರದ್ದಲ್ಲ, ಮಂಜುಗಡ್ಡೆಯದ್ದಂತೂ ಅಲ್ಲ. ಅಪ್ಪಟ ಚಳಿಗಾಲದ ಟೈರಿಗೂ ಆಲ್ ವೆದರಿಗೂ ಒಂದೇ ಮೊಹರು ಬೀಳುವುದು ಹೀಗೆ. ಮೊಳೆ ಹೊಡೆದ ಟೈರಿಗೂ ಇಲ್ಲಿ ಅಕ್ಟೋಬರ್ 15ರಿಂದ ಮೇ 1ರವರೆಗೆ ಅನುಮತಿ ಇದೆ. ಊರಾಚೆಯ ಕೆಳಗಿಳಿಯುವ ಮಣ್ಣುರಸ್ತೆಯಲ್ಲಿ ಮನೆಯಿದ್ದರೆ ನಾನು ಅದನ್ನೇ ಹಾಕಿಸುತ್ತಿದ್ದೆ.

ಜನವರಿ 20, ಶನಿವಾರ

ಮೈನಸ್ ಇಪ್ಪತ್ತೆರಡು. ಟೈರಿನ ಗಾಳಿ ಕಡಿಮೆ ಎಂದು ಹಳದಿ ದೀಪ. ಐದೂವರೆ ಡಿಗ್ರಿ ಇಳಿದರೆ ಸುಮಾರು ಒಂದು ಪಿಎಸ್ಐ ಇಳಿಯುತ್ತದೆ, ಅಕ್ಟೋಬರ್‌ನಲ್ಲಿ ತುಂಬಿಸಿದ್ದು ಈಗ ಆರು ಕಡಿಮೆ. ಆ ಚಳಿಯಲ್ಲಿ ಪಂಪು ಹಿಡಿದು ಬೀದಿಯಲ್ಲಿ ಕೂತಿದ್ದು ಅಮ್ಮನಿಗೆ ಹೇಳಲಿಲ್ಲ.

ಖರ್ಚು 26 ಯೂನಿಟ್ ಆಗಿದೆ. ಇದರಲ್ಲಿ ಟೈರಿನ ಪಾಲು ಹುಡುಕುವುದು ವ್ಯರ್ಥ. ಬೋಲ್ಟ್‌ನಲ್ಲಿ ಹೀಟ್ ಪಂಪ್ ಇಲ್ಲ, ಒಳಗಿನ ಬಿಸಿಗೆ ಇಸ್ತ್ರಿಪೆಟ್ಟಿಗೆ ಕಾಯುವ ಹಾಗೆ ತಂತಿ ಕಾಯಬೇಕು, ಬ್ಯಾಟರಿಯೂ ತನ್ನನ್ನು ಬೆಚ್ಚಗಿಟ್ಟುಕೊಳ್ಳಬೇಕು. 417 ಕಿ.ಮೀ. ಎಂದು ಕಾಗದದ ಮೇಲಿರುವ ಗಾಡಿ 230ರ ಮಾತಾಡುತ್ತಿದೆ. ಬೀದಿಬದಿಯ ಚಾರ್ಜರ್ ಖಾಲಿಯಾಗುವುದನ್ನು ಕಿಟಕಿಯಿಂದ ಕಾಯುತ್ತಿದ್ದೇನೆ. ಮನೆಯಲ್ಲೇ ಚಾರ್ಜ್ ಮಾಡುವವರಿಗೆ ಐದಾರು ಶೇಕಡಾ ಯಾವ ಲೆಕ್ಕ? ನನ್ನಂಥವರಿಗೆ ಅದು ಫೆಬ್ರವರಿಯ ರಾತ್ರಿ ಇನ್ನೊಂದು ಸಲ ಕೆಳಗಿಳಿಯುವ ಲೆಕ್ಕ.

ಮಾರ್ಚ್ 16, ಶನಿವಾರ

ನಿನ್ನೆಗೆ ಕಾನೂನಿನ ಗಡುವು ಮುಗಿಯಿತು. ಸಹೋದ್ಯೋಗಿಗಳು ಗ್ಯಾರೇಜಿನ ಸರದಿಗೆ ಫೋನ್ ಹಿಡಿದು ಕೂತಿದ್ದಾರೆ. ನನಗೆ ಆ ಕೆಲಸ ಇಲ್ಲ.

ಗುಂಡಿಗಳು ಬಂದವು. ಮೊನ್ನೆ ಮಳೆನೀರು ತುಂಬಿ ಕಾಣದ ಒಂದಕ್ಕೆ ಬಲಗಡೆಯ ಚಕ್ರ ಪೂರ್ತಿ ಇಳಿದು ಎದ್ದಿತು, ಹಲ್ಲು ಕಟಕ್ಕೆಂದವು. ಬೆಳಕಲ್ಲಿ ನೋಡಿದೆ: ರಿಮ್ಮು ನೆಟ್ಟಗಿದೆ, ಮಗ್ಗುಲಲ್ಲಿ ಗುಳ್ಳೆ ಎದ್ದಿಲ್ಲ. ಹಳೇ ಅಳತೆಯಾಗಿದ್ದರೂ ಉಳಿಯುತ್ತಿತ್ತೋ ಏನೋ, ಅಪ್ಪ ಹಾಗೇ ಅನ್ನುತ್ತಾರೆ.

ಅವರ ಕೋರಿಕೆಯ ಮೇರೆಗೆ ನಾಲ್ಕೂ ಟೈರಿನ ಪಟ್ಟೆ ಅಳೆದು ಕಳಿಸಿದೆ. ಹಿಂದಿನವು ಹೊಸದರಂತಿವೆ. ಮುಂದಿನವು ಒಂದು ಮಿಲಿಮೀಟರಿಗೆ ಹತ್ತಿರ ಹೋಗಿವೆ. ಎಳೆಯುವುದೂ ನಿಲ್ಲಿಸುವುದೂ ಅವೇ ತಾನೆ. ಮುಂದಿನದು ಹಿಂದಕ್ಕೆ, ಹಿಂದಿನದು ಮುಂದಕ್ಕೆ, ಬೇಸಿಗೆಗೆ ಮುಂಚೆ ಹಾಕಿಸು ಅಂತ ಅಪ್ಪಣೆ ಬಂತು. ಜೊತೆಗೆ ಮುಂದಿನ ಸಲ ಕಂಪನಿಯ ಅಳತೆಗೇ ವಾಪಸ್ ಹೋಗು ಅನ್ನುವ ಹಳೇ ಪಲ್ಲವಿ. ಹೋಗುವುದಿಲ್ಲ ಅಂದೆ. ಜುಲೈನಲ್ಲಿ ಮೂವತ್ತು ಡಿಗ್ರಿಯ ಡಾಂಬರಿನ ಮೇಲೆ ಈ ಮೆದು ರಬ್ಬರು ಎಷ್ಟು ಸವೆಯುತ್ತೆ ನೋಡಿ ಆಮೇಲೆ ಮಾತಾಡು ಅಂದರು. ಅದೊಂದು ನ್ಯಾಯವಾದ ಮಾತು. ಆಗಸ್ಟ್‌ನಲ್ಲಿ ಮತ್ತೆ ಅಳೆಯುತ್ತೇನೆ.